ಕೇಪಿನ ಕೋವಿಯ ಟ್ರಿಗರ್ ಮನೆಯಲ್ಲೇ ಬದಲಿಸಬಹುದೇ? ಆ ವಿಡಿಯೊಗಳು ಹೇಳದೆ ಬಿಡುವ ಸಂಗತಿ

ಕಾಫಿ ಕೊಯ್ಲಿನ ಕಾಲ ಬಂತೆಂದರೆ ಸಕಲೇಶಪುರ, ಆಲೂರು ಕಡೆಯ ವಾಟ್ಸಾಪ್ ಗುಂಪುಗಳಿಗೆ ಬಿಡುವಿರುವುದಿಲ್ಲ. ಆನೆ ಯಾವ ತೋಟದಲ್ಲಿದೆ, ಹಂದಿ ಯಾರ ಗದ್ದೆಗೆ ಇಳಿದಿದೆ ಎಂಬ ಸಂದೇಶಗಳ ನಡುವೆ ಕೋವಿ ರಿಪೇರಿಯ ವಿಡಿಯೊಗಳೂ ನುಸುಳುತ್ತವೆ. "ಅಜ್ಜನ ಕಾಲದ ಕೇಪಿನ ಕೋವಿಯ ಟ್ರಿಗರ್ ಗಟ್ಟಿಯಾಗಿದೆಯಾ? ಹಳೇ ಕೋವಿಯದೊಂದು ಟ್ರಿಗರ್ ತಂದು ಹಾಕಿ, ಅರದಿಂದ ನಾಲ್ಕು ಸಲ ಉಜ್ಜಿ, ಬೆಣ್ಣೆ ಥರ ಆಗುತ್ತೆ" ಎನ್ನುವುದು ಇವುಗಳ ಒಟ್ಟು ಸಾರ. ಕೆಲವದರ ಕೆಳಗೆ "ಕೇಪಿನ ಕೋವಿಗೆ ಲೈಸೆನ್ಸೇ ಬೇಡ, ಇನ್ನು ರಿಪೇರಿಗೆ ಯಾಕೆ?" ಎಂಬ ಸಾಲೂ ಅಂಟಿಕೊಂಡಿರುತ್ತದೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಟ್ರಿಗರ್ ಬದಲಿಸುವುದು ಅಸಾಧ್ಯದ ಕೆಲಸವಲ್ಲ, ಕೆಲಸ ಬಲ್ಲವರು ದಿನವೂ ಮಾಡುತ್ತಾರೆ. ಆದರೆ ವಿಡಿಯೊದಲ್ಲಿ ಉಜ್ಜಿ ತೋರಿಸುವ ಜಾಗವೇ ಕೋವಿ ತಾನಾಗಿ ಹಾರದಂತೆ ತಡೆಯುವ ಜಾಗ. ಲೈಸೆನ್ಸ್ ಬೇಡ ಎಂಬ ಮಾತು ಹಾಸನ ಜಿಲ್ಲೆಯ ಮಟ್ಟಿಗೆ ಸುಳ್ಳು.

ಈ ಕೋವಿಗಳು ಇಲ್ಲಿ ಯಾಕಿವೆ ಎಂಬುದು ಸ್ಥಳೀಯರಿಗೆ ಹೇಳಬೇಕಾಗಿಲ್ಲ. ದೂರದ ಊರಿನಿಂದ ಓದುವವರಿಗಾಗಿ ಎರಡು ಮಾತು. ನಳಿಗೆಯ ಬಾಯಿಯಿಂದಲೇ ಮದ್ದು, ಚರೆ ತುಂಬಿ, ಗಜದ ಕೋಲಿನಿಂದ ಜಡಿದು, ಹಿಂಭಾಗದಲ್ಲಿ ಪುಟ್ಟ ತಾಮ್ರದ ಟೋಪಿಯಂಥ ಕೇಪು ಕೂರಿಸಿ ಹೊಡೆಯುವ ಕೋವಿ ಇದು. ಬೆಳೆ ಕಾಯಲು ಇಂಥ ಕೋವಿಗೆ ಪರವಾನಗಿ ಕೊಡುವ ಅವಕಾಶ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಇದೆ. ಬೆಳೆಹಾನಿಯ ಕಾಟವೂ ಇಲ್ಲಿ ಸಣ್ಣದಲ್ಲ. ಹೈಕೋರ್ಟ್ ನೇಮಿಸಿದ, ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರ ವರದಿಯಲ್ಲಿ ಆಲೂರು-ಸಕಲೇಶಪುರ ಭಾಗದಿಂದ ಆನೆಗಳನ್ನು ಹೊರಸಾಗಿಸಬೇಕು ಎಂದೇ ಹೇಳಿತ್ತು. ಇಂಥ ಊರಿನಲ್ಲಿ ರಾತ್ರಿ ಗದ್ದೆ ಕಾಯುವವನಿಗೆ ಗಾಳಿಯಲ್ಲಿ ಒಂದು ಢಂ ಎನ್ನಿಸುವ ಕೋವಿ ಎಷ್ಟು ಧೈರ್ಯ ಕೊಡುತ್ತದೆ ಎಂಬುದು ಊಹಿಸಲು ಕಷ್ಟವಲ್ಲ. ಹಾಗಾಗಿ ಅದು ಕೆಟ್ಟಾಗ ಹೇಗಾದರೂ ಬೇಗ ಸರಿಮಾಡಿಕೊಳ್ಳೋಣ ಎನಿಸುವುದೂ ಸಹಜ.

ಟ್ರಿಗರ್ ಎಳೆದಾಗ ಒಳಗೆ ಏನಾಗುತ್ತದೆ?

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಕೇಪಿನ ಮೇಲೆ ಬಂದು ಬಡಿಯುವ ಸುತ್ತಿಗೆಯಂಥ ಭಾಗವನ್ನು ಕುದುರೆ ಎನ್ನುತ್ತಾರೆ. ಕೆಲವರು ಬೆರಳಿನಿಂದ ಎಳೆಯುವ ಭಾಗಕ್ಕೂ ಕುದುರೆ ಎನ್ನುವುದುಂಟು. ಈ ಬರಹದಲ್ಲಿ ಬಡಿಯುವುದು ಕುದುರೆ, ಬೆರಳು ಎಳೆಯುವುದು ಟ್ರಿಗರ್.

ಬಹಳ ಜನ ತಿಳಿದಿರುವುದು ಟ್ರಿಗರ್ ಕುದುರೆಯನ್ನು ಹಿಡಿದಿಟ್ಟಿರುತ್ತದೆ, ಎಳೆದಾಗ ಬಿಡುತ್ತದೆ ಎಂದು. ಸಾಮಾನ್ಯ ಕೇಪಿನ ಕೋವಿಯಲ್ಲಿ ಹಾಗಿಲ್ಲ. ಟ್ರಿಗರ್ ಏನನ್ನೂ ಹಿಡಿದಿಡುವುದಿಲ್ಲ. ಅದೊಂದು ಪುಟ್ಟ ಏತ ಇದ್ದ ಹಾಗೆ. ನಡುವೆ ಒಂದು ಮೊಳೆ, ಕೆಳಗಿನ ತುದಿಯನ್ನು ಬೆರಳು ಹಿಂದಕ್ಕೆ ಎಳೆದರೆ ಮೇಲಿನ ಭಾಗ ಎದ್ದು ಇನ್ನೊಂದು ಭಾಗವನ್ನು ಒತ್ತುತ್ತದೆ. ಆ ಇನ್ನೊಂದು ಭಾಗವೇ ಸಿಯರ್, ಅಂದರೆ ತುದಿ ಚೂಪಾದ ಒಂದು ಕೊಕ್ಕೆ. ನಿಜವಾಗಿ ಹಿಡಿದಿಡುವುದು ಈ ಕೊಕ್ಕೆ.

ಕುದುರೆಯ ಬುಡದಲ್ಲಿ, ಒಳಗಡೆ, ಅದರ ಜೊತೆಗೇ ತಿರುಗುವ ಒಂದು ಉಕ್ಕಿನ ತುಂಡಿದೆ. ಅದರ ಅಂಚಿನಲ್ಲಿ ಎರಡು ಕಚ್ಚುಗಳಿರುತ್ತವೆ. ಕುದುರೆಯನ್ನು ಅರ್ಧ ಎತ್ತಿದಾಗ ಕೊಕ್ಕೆ ಮೊದಲ ಕಚ್ಚಿಗೆ ಬೀಳುತ್ತದೆ, ಪೂರ್ತಿ ಎತ್ತಿದಾಗ ಎರಡನೆಯದಕ್ಕೆ. ನಿಮ್ಮ ಕಿವಿಗೆ ಕೇಳುವ ಎರಡು 'ಟಿಕ್' ಸದ್ದುಗಳು ಇವೇ. ಮೊದಲ ಕಚ್ಚು ಆಳವಾಗಿರುತ್ತದೆ, ಕೊಕ್ಕೆಯ ತುದಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಟ್ರಿಗರ್ ಎಳೆದರೂ ಕುದುರೆ ಬೀಳಬಾರದು. ಹೊಸಕಾಲದ ಬಂದೂಕುಗಳಲ್ಲಿ ಸೇಫ್ಟಿ ಎಂಬ ಗುಂಡಿ ಇರುತ್ತದಲ್ಲ, ಹಳೇ ಕೇಪಿನ ಕೋವಿಯಲ್ಲಿ ಸಾಮಾನ್ಯವಾಗಿ ಅದರ ಕೆಲಸ ಮಾಡುವುದು ಈ ಅರ್ಧ ಕಚ್ಚು ಒಂದೇ.

ಎರಡನೇ ಕಚ್ಚು ಆಳವಿಲ್ಲದ್ದು, ಬೆರಳಿನ ಒತ್ತಡಕ್ಕೆ ಕೊಕ್ಕೆ ಜಾರಿ ಹೊರಬರಬೇಕಾದ್ದು. ಅಲ್ಲಿ ಕೊಕ್ಕೆಗೂ ಕಚ್ಚಿಗೂ ಇರುವ ಹಿಡಿತ ಅರ್ಧ ಮಿಲಿಮೀಟರಿನ ಆಸುಪಾಸು. ನಿಮ್ಮ ಕೈಬೆರಳಿನ ಉಗುರಿನ ದಪ್ಪ ಎಷ್ಟಿದೆ ನೋಡಿಕೊಳ್ಳಿ, ಹೆಚ್ಚು ಕಡಿಮೆ ಅಷ್ಟೇ. ಅತ್ತ ಬಲವಾದ ಸ್ಪ್ರಿಂಗು ಕುದುರೆಯನ್ನು ಮುಂದಕ್ಕೆ ನೂಕುತ್ತಿರುತ್ತದೆ, ಇತ್ತ ಉಗುರಿನ ದಪ್ಪದ ಉಕ್ಕು ಅದನ್ನು ತಡೆದಿರುತ್ತದೆ. "ನಾಲ್ಕು ಸಲ ಉಜ್ಜಿ" ಎನ್ನುವ ವಿಡಿಯೊ ಉಜ್ಜಿಸುವುದು ಈ ಉಗುರನ್ನೇ.

ಉಜ್ಜಿದರೆ ಏನು ಕೆಡುತ್ತದೆ?

ಮೊದಲ ದಿನ ಏನೂ ಕೆಡುವುದಿಲ್ಲ. ಅದೇ ಇದರ ಅಪಾಯ. ಟ್ರಿಗರ್ ನಿಜಕ್ಕೂ ಹಗುರಾಗುತ್ತದೆ, ವಿಡಿಯೊ ನೋಡಿದವರು ಖುಷಿಯಾಗಿ ಇನ್ನೊಂದು ಗುಂಪಿಗೆ ಕಳುಹಿಸುತ್ತಾರೆ.

ಇಂಥ ಕೊಕ್ಕೆ, ಕಚ್ಚುಗಳನ್ನು ಎಷ್ಟೋ ಕೋವಿಗಳಲ್ಲಿ ಮೆತು ಉಕ್ಕಿನಲ್ಲಿ ಮಾಡಿ, ಹೊರಮೈಯನ್ನು ಮಾತ್ರ ಗಟ್ಟಿಗೊಳಿಸಿರುತ್ತಾರೆ. ಇದ್ದಿಲಿನ ಪುಡಿಯಂಥ ಇಂಗಾಲದ ವಸ್ತುವಿನ ನಡುವೆ ಇಟ್ಟು ಕೆಂಪಗೆ ಕಾಯಿಸಿದರೆ ಇಂಗಾಲ ಉಕ್ಕಿನ ಮೈಗೆ ಇಳಿಯುತ್ತದೆ, ಆಮೇಲೆ ತಟ್ಟನೆ ತಣಿಸಿದಾಗ ಆ ಪದರ ಗಾಜಿನಂತೆ ಗಟ್ಟಿಯಾಗುತ್ತದೆ. ಹೊರಗೆ ಸವೆಯದ ಮೈ, ಒಳಗೆ ಮುರಿಯದ ತಿರುಳು. ಜಾಣತನದ ಉಪಾಯ. ಆದರೆ ಆ ಗಟ್ಟಿ ಪದರದ ದಪ್ಪ ಮಿಲಿಮೀಟರಿನ ಒಂದಿಷ್ಟು ಪಾಲು ಮಾತ್ರ. ಅರ ಹಾಕಿ ಉಜ್ಜಿದರೆ ಅದು ಹೋಗಿ ಮೆತ್ತನೆಯ ಉಕ್ಕು ಹೊರಬರುತ್ತದೆ. ಆಮೇಲೆ ಪ್ರತಿ ಸಲ ಕುದುರೆ ಎತ್ತಿ ಇಳಿಸಿದಾಗಲೂ ಹಿಡಿತ ಚೂರುಚೂರೇ ಸವೆಯುತ್ತದೆ. ದೀಪಾವಳಿಯ ಹೊತ್ತಿಗೆ 'ಬೆಣ್ಣೆಯಂತೆ' ಇದ್ದ ಟ್ರಿಗರ್ ಶಿವರಾತ್ರಿಯ ಹೊತ್ತಿಗೆ, ಕೋವಿಯನ್ನು ಗೋಡೆಗೆ ಒರಗಿಸುವಾಗ ಬುಡ ನೆಲಕ್ಕೆ ತಾಗಿದರೂ ಬಿಟ್ಟುಕೊಡುವ ಸ್ಥಿತಿಗೆ ಬರಬಹುದು.

ಕುಲುಮೆಯಲ್ಲಿ ಕಾಯಿಸಿ ಬಗ್ಗಿಸುವುದೂ ಇದೇ ಕಾರಣಕ್ಕೆ ಕೆಡುಕು. ಕತ್ತಿ, ಗುದ್ದಲಿ ಮಾಡುವ ಕೈಗೆ ಕೌಶಲ ಕಡಿಮೆಯೇನಲ್ಲ. ಆದರೆ ಬಿಸಿ ತಾಗಿದ ಕೊಕ್ಕೆ ಮತ್ತೆ ಮೆತ್ತಗಾಗುತ್ತದೆ, ಅಥವಾ ಅಂದಾಜು ತಪ್ಪಿ ತಣಿಸಿದರೆ ಬಿರುಕು ಬಿಡುವಷ್ಟು ಪೆಡಸಾಗುತ್ತದೆ. ಎರಡರಲ್ಲಿ ಯಾವುದಾಗಿದೆ ಎಂದು ಕಣ್ಣಿಗೆ ಕಾಣುವುದಿಲ್ಲ.

ಇನ್ನೊಂದು ಕೆಡುಕನ್ನು ವಿಡಿಯೊ ಮಾಡುವವರು ಗಮನಿಸಿದಂತಿಲ್ಲ. ಟ್ರಿಗರ್ ಅತಿ ಹಗುರಾದರೆ ಕೊಕ್ಕೆ ಪೂರ್ತಿ ಮೇಲೇಳುವ ಮೊದಲೇ ಕುದುರೆ ಬೀಳಲು ಶುರುವಾಗುತ್ತದೆ. ಬೀಳುವ ದಾರಿಯಲ್ಲಿ ಅರ್ಧ ಕಚ್ಚಿನ ತುಟಿ ಕೊಕ್ಕೆಯ ತುದಿಗೆ ಬಡಿಯುತ್ತದೆ. ಹತ್ತು ಸಲ ಬಡಿದರೆ ತುದಿಯೋ ತುಟಿಯೋ ಮುರಿಯುತ್ತದೆ. ಅಲ್ಲಿಗೆ ಆ ಕೋವಿಯ ಏಕೈಕ ಸೇಫ್ಟಿಯೂ ಹೋದಂತೆ.

ಹಗುರ ಎಂದರೆ ಎಷ್ಟು ಹಗುರ ಇರಬೇಕು? ಬೇಟೆ, ಬೆಳೆ ಕಾವಲಿನ ಕೋವಿಗಳಲ್ಲಿ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಕೆಜಿ ಒತ್ತಡಕ್ಕೆ ಟ್ರಿಗರ್ ಬಿಡುತ್ತದೆ. ಎರಡು ಕೆಜಿ ಅಕ್ಕಿಯ ಚೀಲವನ್ನು ಒಂದೇ ಬೆರಳಿಗೆ ತೂಗಿಹಾಕಿಕೊಂಡು ನೋಡಿ. ಡಿಸೆಂಬರಿನ ಚಳಿಯಲ್ಲಿ, ಬೆರಳು ಮರಗಟ್ಟಿದಾಗ, ಕಾಫಿ ಗಿಡಗಳ ನಡುವೆ ಕತ್ತಲಲ್ಲಿ ನಡೆಯುವವನಿಗೆ ಅಷ್ಟಾದರೂ ಬೇಕು.

ಬೇರೆ ಕೋವಿಯ ಟ್ರಿಗರ್ ಹಾಕಿದರೆ?

ಬೈಕಿನ ಬ್ರೇಕ್ ಲಿವರ್ ಅಂಗಡಿಯಿಂದ ತಂದು ಹಾಕಿದಷ್ಟು ಸಲೀಸು ಎಂದು ತೋರಿಸುತ್ತಾರೆ. ಬೈಕಿನ ಭಾಗಗಳು ಕಾರ್ಖಾನೆಯಲ್ಲಿ ಒಂದೇ ಅಳತೆಗೆ ಅಚ್ಚಾಗಿ ಬರುತ್ತವೆ. ಹಳೇ ಕೇಪಿನ ಕೋವಿಗಳು ಬಹುಮಟ್ಟಿಗೆ ಕೈಕೆಲಸದವು, ಒಂದೊಂದರ ಟ್ರಿಗರನ್ನೂ ಅದರದೇ ಮರಕ್ಕೆ, ಅದರದೇ ಕೊಕ್ಕೆಗೆ ಹೊಂದಿಸಿರುತ್ತಾರೆ. ಅಣ್ಣನ ಕೋವಿಯದು ತಮ್ಮನ ಕೋವಿಗೆ ಕೂರುವುದಿಲ್ಲ, ಕೂತರೂ ಸರಿಯಾಗಿ ಕೂತಿದೆ ಎಂದರ್ಥವಲ್ಲ.

ಕೋವಿ ರಿಪೇರಿ ಬಲ್ಲವರು ಹೊಸ ಟ್ರಿಗರ್ ಕೂರಿಸಿದ ಮೇಲೆ ಮೊದಲು ನೋಡುವುದು ಒಂದೇ ಸಂಗತಿ. ಬೆರಳು ಇಡದಿದ್ದಾಗ ಟ್ರಿಗರಿಗೂ ಕೊಕ್ಕೆಯ ಬಾಲಕ್ಕೂ ನಡುವೆ ಕೂದಲೆಳೆಯಷ್ಟಾದರೂ ಸಡಿಲ ಇದೆಯೇ? ಟ್ರಿಗರಿನ ಮೇಲ್ಭಾಗ ಒಂದಿಷ್ಟು ಎತ್ತರವಾಗಿದ್ದರೂ ಅದು ಸದಾಕಾಲ ಕೊಕ್ಕೆಯನ್ನು ಒತ್ತುತ್ತಿರುತ್ತದೆ. ಆಗ ಕೊಕ್ಕೆ ಕಚ್ಚಿನ ತಳದವರೆಗೆ ಇಳಿಯುವುದೇ ಇಲ್ಲ, ಅಂಚಿನಲ್ಲಿ ತುದಿಗಾಲಲ್ಲಿ ನಿಂತಿರುತ್ತದೆ. 'ಟಿಕ್' ಸದ್ದು ಕೇಳುತ್ತದೆ, ಕುದುರೆ ನಿಲ್ಲುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ. ತೋಟದ ಗೇಟಿನ ಕೊಕ್ಕೆ ಅರ್ಧ ಮಾತ್ರ ಸಿಕ್ಕಿಕೊಂಡಾಗಲೂ ಗೇಟು ಮುಚ್ಚಿದ ಹಾಗೇ ಕಾಣುತ್ತದೆ, ದನ ಮೈ ಉಜ್ಜುವವರೆಗೆ.

ಆಮೇಲೆ ಮೊಳೆಯ ಜಾಗ. ಟ್ರಿಗರ್ ತಿರುಗುವ ಮೊಳೆ ಕೊಕ್ಕೆಯ ಬಾಲಕ್ಕೆ ಹತ್ತಿರವಿದ್ದಷ್ಟೂ ಎಳೆತ ಹಗುರ, ಆದರೆ ಬೆರಳು ದೂರ ಸಾಗಬೇಕು. ದೂರವಿದ್ದರೆ ಎಳೆತ ಗಟ್ಟಿ, ಸಾಗುವುದು ಕಡಿಮೆ. ಅಂದರೆ ಕೊಕ್ಕೆಯನ್ನು ಮುಟ್ಟದೆಯೇ, ಮೊಳೆಯ ಜಾಗವನ್ನು ಲೆಕ್ಕ ಹಾಕಿ ಎಳೆತವನ್ನು ಹಗುರ ಮಾಡುವ ದಾರಿ ಬಲ್ಲವರಿಗೆ ಇದೆ. ಹಿಡಿತದ ಜಾಗ ಅವರಿಗೂ ಕೊನೆಯ ಆಯ್ಕೆ. ಅದನ್ನು ಮುಟ್ಟಬೇಕಾಗಿ ಬಂದರೆ ಮತ್ತೆ ಗಟ್ಟಿಗೊಳಿಸಿ, ಅಳತೆ ನೋಡಿಯೇ ವಾಪಸ್ ಕೊಡುತ್ತಾರೆ.

ಟ್ರಿಗರ್ ಗಟ್ಟಿ ಎನಿಸಿದರೆ ತಪ್ಪು ಟ್ರಿಗರಿನದೇ?

ಎಷ್ಟೋ ಸಲ ಅಲ್ಲ. ಸಕಲೇಶಪುರದ ಪಶ್ಚಿಮ ಭಾಗದಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯ ಬಾಗಿಲೇ ಉಬ್ಬಿ ಹಾಕಲು ಬಾರದ ಊರುಗಳಿವು. ಕೋವಿಯ ಮರ ಮಾತ್ರ ಉಬ್ಬದೆ ಇರುತ್ತದೆಯೇ? ಟ್ರಿಗರ್ ಆಡುವ ಸಂದು ಇರುವುದು ಆ ಮರದಲ್ಲಿ, ಎಷ್ಟೋ ಕೋವಿಗಳಲ್ಲಿ ಅದರ ಮೊಳೆಯೂ ಮರದಲ್ಲೇ. ಆಗಸ್ಟಿನಲ್ಲಿ ಗಟ್ಟಿಯಾದ ಟ್ರಿಗರ್ ಜನವರಿಯಲ್ಲಿ ತಾನಾಗಿ ಸಡಿಲವಾಗುವುದು ಇದರಿಂದಲೇ. ಆಗಸ್ಟಿನಲ್ಲಿ ಅರ ಹಾಕಿದವನ ಕೋವಿ ಜನವರಿಯಲ್ಲಿ ಎರಡು ಪಟ್ಟು ಸಡಿಲ.

ಎರಡನೆಯದು ಮದ್ದಿನ ಮಸಿ. ಕಪ್ಪು ಮದ್ದಿನಲ್ಲಿ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಅದು ಉರಿದಾಗ ಉಳಿಯುವ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವ ಎಳೆದುಕೊಳ್ಳುತ್ತವೆ, ಉಕ್ಕಿಗೆ ತುಕ್ಕು ಹಿಡಿಸುತ್ತವೆ. ಕೇಪಿನ ಸುತ್ತ ಚಿಮ್ಮಿದ ಮಸಿ ಕುದುರೆಯ ಬುಡದಿಂದ ಒಳಕ್ಕಿಳಿದು ಕೊಕ್ಕೆಯ ಸಂದಿಯಲ್ಲಿ ಕೂರುತ್ತದೆ. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಟ್ಟು ತಿಂಗಳುಗಟ್ಟಲೆ ಬಿಟ್ಟ ಕೋವಿ ವಾಪಸ್ ಬಂದಾಗ ಟ್ರಿಗರ್ ಅಲುಗದಿದ್ದರೆ ಮೊದಲು ಅನುಮಾನಿಸಬೇಕಾದ್ದು ತುಕ್ಕನ್ನು.

ಮೂರನೆಯದು ನಮಗೆ ಬಹಳ ಇಷ್ಟವಾದ ಕಾರಣ: ಕೊಬ್ಬರಿ ಎಣ್ಣೆ. ಮನೆಯಲ್ಲಿ ಸುಲಭಕ್ಕೆ ಸಿಗುವುದರಿಂದ ಕೋವಿಗೂ ಅದನ್ನೇ ಬಿಡುವ ರೂಢಿಯಿದೆ, "ಕೊಬ್ಬರಿ ಎಣ್ಣೆಗಿಂತ ಒಳ್ಳೇದಿಲ್ಲ" ಎಂಬ ಸಂದೇಶಗಳೂ ಇವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಬಚ್ಚಲಿನ ಬಾಟಲಿಯಲ್ಲಿ ಅದು ಬೆಳ್ಳಗೆ ಗಟ್ಟಿಯಾಗಿರುವುದನ್ನು ಎಲ್ಲರೂ ನೋಡಿದ್ದೇವೆ. ಕೋವಿಯ ಒಳಗೂ ಅದೇ ಆಗುತ್ತದೆ. ಟ್ರಿಗರ್ ಬಿಗಿಯಾದರೆ ಅದು ಸಣ್ಣ ತೊಂದರೆ. ಕೊಕ್ಕೆಯನ್ನು ಕಚ್ಚಿಗೆ ಒತ್ತುವ ಪುಟ್ಟ ಸ್ಪ್ರಿಂಗು ಈ ಹೆಪ್ಪನ್ನು ದೂಡಲಾರದೆ ಕೊಕ್ಕೆ ಪೂರ್ತಿ ಇಳಿಯದಿದ್ದರೆ ಅದು ದೊಡ್ಡ ತೊಂದರೆ. ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳು ಖನಿಜ ಎಣ್ಣೆ ಆ ಚಳಿಗೆ ಗಟ್ಟಿಯಾಗುವುದಿಲ್ಲ, ಒಂದು ಹನಿ ಸಾಕು.

ಲಾಕನ್ನು ಮರಕ್ಕೆ ಬಿಗಿಯುವ ತಿರುಪನ್ನು ಅತಿಯಾಗಿ ಬಿಗಿದರೂ ಒಳಗಿನ ಭಾಗಗಳು ಮರಕ್ಕೆ ಒರೆಸಿಕೊಂಡು ಆಡದಂತಾಗುತ್ತವೆ. ಇವೆಲ್ಲ ಕಳೆದ ಮೇಲೆ ಉಳಿಯುವುದು ಮಾತ್ರ ಟ್ರಿಗರಿನ ದೋಷ.

"ಕೇಪು ತೆಗೆದರೆ ಕೋವಿ ಖಾಲಿ"

ಇದೂ ಅದೇ ವಿಡಿಯೊಗಳಲ್ಲಿ ಬರುವ ಮಾತು, ಎಲ್ಲಕ್ಕಿಂತ ಅಪಾಯಕಾರಿ. ಕೇಪು ತೆಗೆದರೆ ಕಿಡಿಯ ಮೂಲ ಹೋಯಿತು ಅಷ್ಟೇ. ಮದ್ದೂ ಚರೆಯೂ ನಳಿಗೆಯಲ್ಲೇ ಇರುತ್ತವೆ. ಹಾಗೆಯೇ ತುಂಬಿಟ್ಟು ಮರೆತ ಕೋವಿಗೆ ವರ್ಷದ ಮೇಲೆ ಯಾರೋ "ನೋಡೋಣ" ಎಂದು ಕೇಪು ಕೂರಿಸಿದರೆ ಅದು ಹಾರುತ್ತದೆ. ರಿಪೇರಿಗೆಂದು ಬೆಸುಗೆಯ ಬಿಸಿ ತಾಗಿಸಿದರೆ ಕೇಪೇ ಬೇಕಾಗಿಲ್ಲ.

ಹಳಬರು ಇದಕ್ಕೆ ಮಾಡುತ್ತಿದ್ದ ಪರೀಕ್ಷೆ ಸರಳ, ಇವತ್ತಿಗೂ ಸರಿ. ಖಾಲಿ ಇದೆ ಎಂದು ಖಾತ್ರಿಯಿದ್ದಾಗ ಗಜದ ಕೋಲನ್ನು ನಳಿಗೆಯ ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಕೋಲಿನ ಮೇಲೊಂದು ಗುರುತು ಮಾಡಿಡುವುದು. ಮುಂದೆ ಎಂದಾದರೂ ಕೇಪು ತೆಗೆದು, ನಳಿಗೆಯ ಬಾಯಿಗೆ ಮುಖ ಒಡ್ಡದೆ ಕೋಲು ಇಳಿಸಿದಾಗ ಆ ಗುರುತು ಬಾಯಿಯ ಹೊರಗೇ ನಿಂತರೆ ಒಳಗೆ ಮದ್ದಿದೆ ಎಂದರ್ಥ. ಹಾಗಿದ್ದರೆ ಟ್ರಿಗರಿನ ಮಾತು ಅಲ್ಲಿಗೇ ನಿಲ್ಲಬೇಕು, ಮೊದಲು ಬಲ್ಲವರಿಂದ ಅದನ್ನು ಖಾಲಿ ಮಾಡಿಸಬೇಕು.

ಕಾನೂನು ಏನು ಹೇಳುತ್ತದೆ?

"ಕೇಪಿನ ಕೋವಿಗೆ ಲೈಸೆನ್ಸ್ ಬೇಡ" ಎಂಬ ಮಾತು ಬಂದದ್ದು ಬಹುಶಃ ಪಕ್ಕದ ಕೊಡಗಿನಿಂದ. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಒಂದು ವಿನಾಯಿತಿ ಇದೆ, ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಅದು ಜನರಿಗೆ ಸಿಕ್ಕ ವಿನಾಯಿತಿ, ಕೋವಿಯ ಜಾತಿಗೆ ಸಿಕ್ಕದ್ದಲ್ಲ. ಗಡಿಯ ಈಚೆ, ಸಕಲೇಶಪುರದ ಅಥವಾ ಆಲೂರಿನ ರೈತರಿಗೆ ಅದು ಅನ್ವಯಿಸುವುದಿಲ್ಲ. ಪರವಾನಗಿ ಬೇಕು, 2019ರ ತಿದ್ದುಪಡಿಯಂತೆ ಅದರ ಅವಧಿ 5 ವರ್ಷ.

ರಿಪೇರಿಯ ಮಾತು ಕಾಯ್ದೆಯ 5ನೇ ಕಲಮಿನಲ್ಲಿದೆ. ಬಂದೂಕು ತಯಾರಿಸುವುದು, ಮಾರುವುದು, ಮಾರ್ಪಡಿಸುವುದು ಇವುಗಳ ಸಾಲಿನಲ್ಲೇ ದುರಸ್ತಿಯೂ ಇದೆ. ಅದಕ್ಕೆಂದೇ ಪರವಾನಗಿ ಪಡೆದವರು ಮಾತ್ರ ಮಾಡಬೇಕು. "ನನ್ನ ಕೋವಿ, ನನ್ನ ಇಷ್ಟ" ಎನ್ನುವವರು ಗಮನಿಸಬೇಕು: ಸ್ವಂತಕ್ಕೆ ಕಾನೂನುಬದ್ಧವಾಗಿ ಇಟ್ಟುಕೊಂಡ ಕೋವಿಯನ್ನು ಮಾರಲು ಅದೇ ಕಲಮಿನಲ್ಲಿ ಷರತ್ತಿನ ವಿನಾಯಿತಿ ಇದೆ, ದುರಸ್ತಿಗೆ ಅಂಥದ್ದಿಲ್ಲ. ಉಲ್ಲಂಘನೆಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಸೆರೆವಾಸ. ಕೋವಿಯ ಬಿಡಿಭಾಗವನ್ನೂ ಕಾಯ್ದೆ ಕೋವಿ ಎಂದೇ ಎಣಿಸುತ್ತದೆ. ಹಾಗಾಗಿ ಹಳೇ ಕೋವಿಯಿಂದ ಕಳಚಿದ ಟ್ರಿಗರನ್ನು ಕೈಯಿಂದ ಕೈಗೆ ದಾಟಿಸುವುದೂ ಸುಮ್ಮನೆ ಗುಜರಿ ವ್ಯವಹಾರವಲ್ಲ. ಹೊರಮೈ ಒರೆಸಿ, ಎಣ್ಣೆ ಹಾಕಿ ಇಡುವುದು ನಿರ್ವಹಣೆ. ಭಾಗ ಬದಲಿಸುವುದು, ಉಜ್ಜುವುದು ದುರಸ್ತಿ.

ಬೆಳೆ ರಕ್ಷಣೆಯ ಪರವಾನಗಿ ಇದ್ದರೆ ಪ್ರಾಣಿಗೆ ಹೊಡೆಯಬಹುದು ಎಂಬುದೂ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆನೆಗಾಗಲಿ ಹಂದಿಗಾಗಲಿ ಗುಂಡು ಹಾರಿಸಲು ಕೋವಿಯ ಲೈಸೆನ್ಸ್ ಅನುಮತಿಯಾಗುವುದಿಲ್ಲ.

ನಿಮ್ಮ ಮನೆಯ ಕೋವಿಯಲ್ಲಿ ಅರ್ಧ ಎತ್ತಿದ ಕುದುರೆ ಟ್ರಿಗರ್ ಒತ್ತಿದಾಗ ಬೀಳುತ್ತಿದ್ದರೆ, ಎರಡು 'ಟಿಕ್' ಬದಲು ಒಂದೇ ಕೇಳುತ್ತಿದ್ದರೆ, ಪೂರ್ತಿ ಎತ್ತಿದ ಕುದುರೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮುಂದೂಡಿದಾಗ ಜಾರುತ್ತಿದ್ದರೆ ಅದಕ್ಕೆ ಮದ್ದು ತುಂಬುವುದನ್ನು ಇವತ್ತೇ ನಿಲ್ಲಿಸಿ. ಇದನ್ನು ನೋಡುವುದು ಕೋವಿ ಖಾಲಿ ಎಂದು ಗಜದಿಂದ ಖಚಿತವಾದ ಮೇಲೆ, ಹೆಬ್ಬೆರಳಿನಲ್ಲಿ ಕುದುರೆಯನ್ನು ಹಿಡಿದುಕೊಂಡೇ. ಕೇಪಿಲ್ಲದೆ ಟಕ್ ಟಕ್ ಎಂದು ಬಡಿಸಿದರೆ ಕೇಪು ಕೂರಿಸುವ ಮೊಳೆ ಹಾಳಾಗುತ್ತದೆ.

ದುರಸ್ತಿ ಪರವಾನಗಿ ಯಾವ ಅಂಗಡಿಗಿದೆ ಎಂಬುದನ್ನು ಹಾಸನದ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಶಸ್ತ್ರ ಪರವಾನಗಿ ನೋಡಿಕೊಳ್ಳುವ ವಿಭಾಗದಲ್ಲಿ ಕೇಳಿ. ಕೋವಿ ಒಯ್ಯುವಾಗ ಲೈಸೆನ್ಸ್ ಜೊತೆಗಿರಲಿ, ಅಂಗಡಿಯವರಿಂದ ರಸೀದಿ ಪಡೆಯಿರಿ. ಲೈಸೆನ್ಸ್ ಇರುವ ಹಿರಿಯರಿಗೆ ಓಡಾಡಲು ಆಗದೆ ಮಗನೋ ಅಳಿಯನೋ ಒಯ್ಯುವುದಾದರೆ, ರಿಪೇರಿಗೆಂದು ಒಯ್ಯುತ್ತಿದ್ದಾನೆ ಎಂದು ಆ ಹಿರಿಯರೇ ಸಹಿ ಮಾಡಿದ ಒಂದು ಪತ್ರ ಕೈಯಲ್ಲಿರಬೇಕು. ಕಾಯ್ದೆಯ 3ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಪತ್ರವಿಲ್ಲದೆ ದಾರಿಯಲ್ಲಿ ತಪಾಸಣೆಗೆ ಸಿಕ್ಕರೆ, ಕೋವಿ ಅಪ್ಪನದೇ ಆದರೂ, ಕೈಯಲ್ಲಿ ಹಿಡಿದವನು ಲೈಸೆನ್ಸಿಲ್ಲದೆ ಕೋವಿ ಒಯ್ದವನಾಗುತ್ತಾನೆ.